ದುರುಗಕ್ಕನ ಕೂಗಿನ ಮೇಲೆ

ಹಿರಿಯೂರು
೮ ಡಿಸೆಂಬರ್ ೧೯೯೯

ಮಗ ಪ್ರಸನ್ನಕುಮಾರನಿಗೆ,

ನಿನಗೂ ಉಷಾರಾಣಿಗೂ ಕರ್ತನು ಒಳ್ಳೆಯ ಆರೋಗ್ಯ, ಒಳ್ಳೆಯ ನಿದ್ದೆ, ಸ್ವಲ್ಪ ಒಳ್ಳೆಯ ಬುದ್ಧಿ ಕೊಡಲಿ ಎಂದು ಬೇಡಿಕೊಂಡು ಅಮ್ಮ ಬರೆಯುತ್ತಿದ್ದೇನೆ. ಬುದ್ಧಿ ಉಷಾಗೆ ಬೇಕಿಲ್ಲ, ಅವಳಿಗಿದೆ. ಅವಳ ಪಾಲಿನದನ್ನೂ ನಿನಗೇ ಕೊಡಲಿ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಮಂಡಿನೋವು ಅಂತ ಬರೆಯೋಣ ಅಂದುಕೊಂಡಿದ್ದೆ, ಆದರೆ ಕಾಗದ ಬರೆಯುವುದು ಮಂಡಿಯಿಂದ ಅಲ್ಲವಲ್ಲ. ನಿಜ ಹೇಳಿಬಿಡುತ್ತೇನೆ. ಮೂರು ಸಲ ಬರೆದೆ, ಮೂರು ಸಲ ಹರಿದೆ. ಮೊದಲನೆಯದರಲ್ಲಿ ಬೈಗುಳ ಜಾಸ್ತಿಯಾಯಿತು. ಎರಡನೆಯದರಲ್ಲಿ ಉಪದೇಶ ಜಾಸ್ತಿಯಾಯಿತು; ಉಪದೇಶ ನಿನ್ನ ಕೆಲಸ, ಅದಕ್ಕೆ ಸಂಬಳ ಬರುವುದು ನಿನಗೆ. ಮೂರನೆಯದರಲ್ಲಿ ಎಲ್ಲಾ ಚೆನ್ನಾಗಿತ್ತು, ನನಗೇ ತಲೆನೋವು ಬಂದಿತ್ತು ಅಂತ ಬರೆದುಬಿಟ್ಟಿದ್ದೆ. ಅದನ್ನು ಓದಿ ನನಗೇ ನಾಚಿಕೆಯಾಗಿ ಒಲೆಗೆ ಹಾಕಿದೆ. ಇದು ನಾಲ್ಕನೆಯದು. ಹೇಗೇ ಬರಲಿ, ನಾಳೆ ಬೆಳಿಗ್ಗೆ ಡಬ್ಬಿಗೆ ಹಾಕುವುದು ಗ್ಯಾರಂಟಿ.

ಇಲ್ಲಿ ಎಲ್ಲ ಕ್ಷೇಮ. ಪಕ್ಕದ ಮನೆ ಗಿರಿಯಮ್ಮನ ಕುರಿ ಎರಡು ಮರಿ ಹಾಕಿದೆ. ಅದರಲ್ಲೊಂದು ನಮ್ಮ ಮನೆಗೆ ನುಗ್ಗಿ ಸೋಫಾದ ಪ್ಲಾಸ್ಟಿಕ್ ಕವರ್ ಮೂಲೆಯನ್ನು ಕಚ್ಚಿ ಎಳೆದಿದೆ. ಆಸ್ಪತ್ರೆಯಿಂದ ನಿವೃತ್ತಿಯಾದಾಗ ಕೊಂಡೆನಲ್ಲ, ಅದೇ ಸೋಫಾ. ಆರು ತಿಂಗಳಾದರೂ ಕವರ್ ತೆಗೆದಿಲ್ಲ, ನಾನೂ ಸರಿಯಾಗಿ ಕೂತಿಲ್ಲ. ಗಿರಿಯಮ್ಮ ದಿನಾ ಬಂದು ನೆಲದ ಮೇಲೆ ಕೂರುತ್ತಾಳೆ. ಮೇಲೆ ಕೂತುಕೋ ಅಂದರೆ, "ಅದು ಬರೋ ದೊಡ್ಡೋರಿಗೆ ಐತಲ್ಲಮ್ಮ, ನಾನು ದಿನಾ ಬರಾಕಿ" ಅನ್ನುತ್ತಾಳೆ. ಅವಳು ಕುಟುಕಿ ಹೇಳುವವಳಲ್ಲ. ಆದರೂ ನನಗೆ ಎರಡು ದಿನ ಅದೇ ಮಾತು ಕಿವಿಯಲ್ಲಿತ್ತು.

ಈಗ ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. ಹೊಸದುರ್ಗದ ಚರ್ಚಿನ ಸಭೆಗೆ ನೀನು ಅಯ್ಯನವರಾಗಿ ಹೋಗಿ ಎರಡು ವರ್ಷವಾಯಿತು. ಈ ಸಲದ ಸುಗ್ಗಿ ಹಬ್ಬಕ್ಕೆ ಬಾ ಅಂತ ನೀನು ಕರೆದೆ, ನಾನು ಬಂದೆ. ಊಟಕ್ಕೆ ಎಲೆ ಹಾಕಿದ ಮೇಲೆ ಹೇಳದೆ ಕೇಳದೆ ಬ್ಯಾಗು ತೆಗೆದುಕೊಂಡು ಬಸ್ಸು ಹತ್ತಿದೆ. "ಯಾಕಮ್ಮ ಹಾಗೆ ಮಾಡಿದೆ, ಬಂದ ದೊಡ್ಡವರ ಮುಂದೆ ನನ್ನ ಮುಖ ಎಲ್ಲಿಡಲಿ" ಅಂತ ಬರೆದಿದ್ದೀಯ. ಎರಡು ಪುಟದ ಕಾಗದದಲ್ಲಿ ನಿನ್ನ ಮುಖದ ವಿಷಯ ನಾಲ್ಕು ಸಲ ಬಂದಿದೆ. ನಾನು ಉಪವಾಸ ಹೋದದ್ದು ಒಂದು ಸಲ ಬಂದಿದೆ. ದುರುಗಕ್ಕನ ಹೆಸರು ಒಂದು ಸಲವೂ ಇಲ್ಲ.

ಫ್ಯಾನುಗಳಿಂದಲೇ ಶುರು ಮಾಡುತ್ತೇನೆ. ಎಣ್ಣೆ ಗಿರಣಿ ಗಂಗಾಧರಪ್ಪನವರು ನಿಮ್ಮ ಚರ್ಚಿಗೆ ಎಂಟು ಫ್ಯಾನು ಕೊಟ್ಟರು. ನಮ್ಮ ಸಭೆಯವರಲ್ಲದಿದ್ದರೂ ಕೊಟ್ಟರು, ಅವರ ಮನಸ್ಸು ದೊಡ್ಡದು. ಆದರೆ ಒಂದೊಂದು ರೆಕ್ಕೆಯ ಮೇಲೂ ಅವರ ಹೆಸರು ಬರೆಸಿದ್ದು ಯಾರು? ಅವರು ಕೇಳಿದ್ದಲ್ಲವಂತೆ, ಉಷಾ ಹೇಳಿದಳು. ಸೆಕ್ರೆಟರಿ ತಿಮ್ಮೇಶ್ ಐಡಿಯಾ ಕೊಟ್ಟ, ನೀನು ಹೂಂ ಅಂದೆ. ಅಷ್ಟಾದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಅವರು ಒಳಗೆ ಬರುವ ಹೊತ್ತಿಗೆ ಆ ತಿಮ್ಮೇಶ್ ಓಡಿಹೋಗಿ ಎಂಟೂ ಫ್ಯಾನು ಆಫ್ ಮಾಡಿದನಲ್ಲ, ತಿರುಗುತ್ತಿದ್ದರೆ ಹೆಸರು ಕಾಣಿಸುವುದಿಲ್ಲ ಅಂತ! ಶೀಟಿನ ಚಾವಣಿ, ಹನ್ನೊಂದು ಗಂಟೆಯ ಬಿಸಿಲು. ಜನ ಹಾಡಿನ ಪುಸ್ತಕದಲ್ಲಿ ಗಾಳಿ ಬೀಸಿಕೊಂಡು ಕೂತರು. ನೀನು ಪೀಠದ ಮೇಲಿನಿಂದ ಎಲ್ಲ ನೋಡುತ್ತಿದ್ದೆ, ಬೆವರು ಒರೆಸಿಕೊಂಡು ದೇವರ ಕೃಪೆಯ ಬಗ್ಗೆ ಮುಂದುವರಿಸಿದೆ.

ನನ್ನನ್ನು ಮುಂದಿನ ಸಾಲಿನ ಬಾಡಿಗೆ ಸೋಫಾದಲ್ಲಿ ಕೂರಿಸಿದೆ. ಹೊಳಲ್ಕೆರೆಯಿಂದ ಶಾಮಿಯಾನದ ಜೊತೆ ತರಿಸಿದ್ದಂತೆ. ಸುಳ್ಳು ಹೇಳುವುದಿಲ್ಲ, ಹಿತವಾಗಿತ್ತು. ಬೆನ್ನಿಗೂ ಹಿತ, ಮನಸ್ಸಿಗೂ ಹಿತ. ಅಯ್ಯನವರ ತಾಯಿ ಅಂತ ನಾಲ್ಕು ಜನ ಬಂದು ಕೈಮುಗಿದರು. ಹಿಂದೆ ಜಮಖಾನದ ಮೇಲೆ ಕೂತವರ ಕಡೆ ನಾನು ತಿರುಗಿ ನೋಡಲಿಲ್ಲ. ಹಿತವಾಗಿರುವಾಗ ಕತ್ತು ಹಿಂದಕ್ಕೆ ತಿರುಗುವುದೇ ಇಲ್ಲ ನೋಡು. ಆರಾಧನೆ ಮುಗಿದು ಹರಾಜು ಶುರುವಾದ ಮೇಲೆಯೇ ನಾನು ದುರುಗಕ್ಕನನ್ನು ಕಂಡದ್ದು.

ಹರಾಜಿನ ಪದ್ಧತಿ ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಯಾಕೆಂದರೆ ಅವತ್ತು ನೀನು ಗೊತ್ತಿಲ್ಲದವನ ಹಾಗೆ ನಿಂತಿದ್ದೆ. ಸುಗ್ಗಿ ಹಬ್ಬಕ್ಕೆ ಜನ ಬೆಳೆದದ್ದು, ಸಾಕಿದ್ದು ತರುತ್ತಾರೆ. ಈರುಳ್ಳಿ, ಶೇಂಗಾ, ರಾಗಿ, ಕುಂಬಳಕಾಯಿ, ಮೊಟ್ಟೆ. ಅದನ್ನು ಚರ್ಚಿನ ಅಂಗಳದಲ್ಲೇ ಕೂಗುತ್ತಾರೆ, ಬಂದ ದುಡ್ಡು ಸಭೆಗೆ. ಅದರಲ್ಲಿ ಯಾರ ಮನೆಯದಾದರೂ ಹರಕೆಯ ವಸ್ತು ಇದ್ದರೆ ಮಾತ್ರ ಬೇರೆ ರೀತಿ. ಹರಕೆ ಹೊತ್ತವರೇ ಮೊದಲು ಕೂಗುತ್ತಾರೆ. ಅವರು ಒಂದು ರೂಪಾಯಿ ಕೂಗಲಿ, ಹತ್ತು ಕೂಗಲಿ, ಅದರ ಮೇಲೆ ಬೇರೆಯವರು ಕೂಗುವಂತಿಲ್ಲ. ಅವರದನ್ನು ಅವರೇ ಬಿಡಿಸಿಕೊಂಡು ಹೋಗುತ್ತಾರೆ. ದೇವರಿಗೆ ಕೊಟ್ಟದ್ದನ್ನು ದೇವರ ಕೈಯಿಂದಲೇ ವಾಪಸ್ಸು ಇಸಿದುಕೊಂಡ ಹಾಗೆ. ನಿನ್ನ ಅಜ್ಜಿಯ ಕಾಲದಿಂದ, ಹಿರಿಯೂರಿನಲ್ಲೂ ಹೊಸದುರ್ಗದಲ್ಲೂ ಹೀಗೆಯೇ ನಡೆದುಬಂದಿದೆ.

ದುರುಗಕ್ಕ ಜುಟ್ಟಿನ ಕೋಳಿ ತಂದಿದ್ದಳು. ಆಷಾಢದಲ್ಲಿ ಅವಳ ಮೊಮ್ಮಗಳು ಚೈತ್ರಾಗೆ ವಿಷಮಶೀತ ಜ್ವರ ಬಂದು ಇಪ್ಪತ್ತೆರಡು ದಿನ ಮಲಗಿತ್ತಲ್ಲ, ಆಗ ಹೊತ್ತ ಹರಕೆ. ಆ ಮನೆಯಲ್ಲಿ ಇದ್ದದ್ದೇ ಅದೊಂದು ಕೋಳಿ, ಅದರ ಮೊಟ್ಟೆಯಿಂದಲೇ ಆ ಹುಡುಗಿ ಎದ್ದು ಕೂತದ್ದು. ಇದನ್ನೆಲ್ಲ ಹೋದ ಸಲ ಇಲ್ಲಿಗೆ ಬಂದಿದ್ದಾಗ ನನಗೆ ಹೇಳಿದವನು ನೀನೇ, ಕಣ್ಣಲ್ಲಿ ನೀರು ತಂದುಕೊಂಡು. ದುರುಗಕ್ಕ ಹತ್ತು ರೂಪಾಯಿ ನೋಟು ಮಡಚಿ ಹಿಡಿದುಕೊಂಡು ಎದ್ದು ನಿಂತಳು. "ಹತ್ತು ರೂಪಾಯಿ, ಅಯ್ನೋರೇ" ಅಂದಳು. ಚೈತ್ರಾ ಪಕ್ಕದಲ್ಲಿ ಖಾಲಿ ಬುಟ್ಟಿ ಹಿಡಿದುಕೊಂಡಿದ್ದಳು, ಕೋಳಿಯನ್ನು ಮನೆಗೆ ಒಯ್ಯಲು.

ಮುಂದಿನ ಸಾಲಿನಿಂದ ಗಂಗಾಧರಪ್ಪನವರು ಐನೂರು ಅಂದರು. ಅವರದೇನೂ ತಪ್ಪಿಲ್ಲ. ಅವರಿಗೆ ನಮ್ಮ ಪದ್ಧತಿ ಹೇಗೆ ಗೊತ್ತಾಗಬೇಕು? ಬಡವಳ ಕೋಳಿಗೆ ಒಳ್ಳೆ ದರ ಬರಲಿ ಅಂತ ಕೂಗಿರಬೇಕು. ಮೈಕು ನಿನ್ನ ಕೈಯಲ್ಲಿತ್ತು. ಸ್ವಾಮಿ, ಇದು ಹರಕೆಯ ಕೋಳಿ, ಇದನ್ನು ಆ ತಾಯಿಗೇ ಬಿಡೋಣ ಅಂತ ಒಂದು ಮಾತು ಹೇಳಿದ್ದರೆ ಆ ಮನುಷ್ಯ ನಕ್ಕು ತಲೆ ಆಡಿಸುತ್ತಿದ್ದರು. ನೀನು ಒಂದು ಗಳಿಗೆ ಸುಮ್ಮನೆ ನಿಂತೆ. ಆ ಗಳಿಗೆಯಲ್ಲಿ ನಿನಗೆ ಎಲ್ಲ ಗೊತ್ತಿತ್ತು, ನಿನ್ನ ಮುಖ ನನಗೆ ಗೊತ್ತಿಲ್ಲವೇ. ಆಮೇಲೆ ಮೈಕನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ. ನೀನು ತಟ್ಟಿದ್ದಕ್ಕೆ ಎಲ್ಲರೂ ತಟ್ಟಿದರು. ಐನೂರು ಒಂದು ಸಲ, ಐನೂರು ಎರಡು ಸಲ, ಮೂರು ಸಲ.

ದುರುಗಕ್ಕ ನೋಟನ್ನು ಇನ್ನೊಂದು ಮಡಿಕೆ ಮಡಚಿ ಕೂತುಕೊಂಡಳು. ಗಂಗಾಧರಪ್ಪನವರು ಕೋಳಿಯನ್ನು ನೋಡಲೂ ಇಲ್ಲ, ಮುಂದಿನ ಸಾಲಿಗಷ್ಟೇ ಕೇಳುವ ಹಾಗೆ "ಅಯ್ನೋರ ಮನೆಗೇ ಕಳಿಸ್ರಿ, ಮಧ್ಯಾನ್ನದ ಊಟಕ್ಕೆ ಆಗ್ತೈತೆ" ಅಂದರು. ತಿಮ್ಮೇಶ್ ಅದರ ಕಾಲು ಹಿಡಿದು ಕೆಳಮುಖ ಮಾಡಿಕೊಂಡು ನಿಮ್ಮ ಹಿತ್ತಲಿಗೆ ತಂದ. ನಾನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ತೊಟ್ಟಿಯ ಹತ್ತಿರ ಪುಕ್ಕದ ರಾಶಿ ಬಿದ್ದಿತ್ತು, ಅದರ ಮೇಲೆ ಆ ಜುಟ್ಟು. ಪಾಪ ಉಷಾಗೆ ಯಾರ ಕೋಳಿ, ಏನು ಅಂತ ಗೊತ್ತಿರಲಿಲ್ಲ. ಅವಳು ಒಲೆಯ ಮುಂದೆ ಬೇಯುತ್ತಿದ್ದಳು, ಹರಾಜಿಗೇ ಬಂದಿರಲಿಲ್ಲ. ಅವಳನ್ನು ಏನೂ ಅನ್ನಬೇಡ. ಸಾರು ಘಮಘಮ ಅನ್ನುತ್ತಿತ್ತು. ಎಲೆಯ ಮುಂದೆ ಕೂರುವುದು ನನ್ನಿಂದ ಆಗಲಿಲ್ಲ.

ಬಸ್‌ಸ್ಟ್ಯಾಂಡಿಗೆ ಹೋಗುವಾಗ ನೋಡುತ್ತೇನೆ, ಚರ್ಚಿನ ಗೇಟಿನ ಹತ್ತಿರ ಆ ಹುಡುಗಿ ಇನ್ನೂ ಬುಟ್ಟಿ ಹಿಡಿದು ನಿಂತಿತ್ತು. ಕೋಳಿ ಯಾವಾಗ ಕೊಡ್ತಾರೆ ಅಂತ ಕೇಳಿತು. ನಾನು ನಿಲ್ಲದೆ ಮುಂದೆ ಹೋದೆ. ಮೂವತ್ತು ವರ್ಷ ವಾರ್ಡಿನಲ್ಲಿ ಕೆಟ್ಟ ಸುದ್ದಿ ಹೇಳಿದವಳು ನಾನು, ಒಂದು ಮಗುವಿಗೆ ನಿನ್ನ ಕೋಳಿ ಬರುವುದಿಲ್ಲ ಅಂತ ಹೇಳಲಾಗಲಿಲ್ಲ.

ನಿನಗೆ ಯಾಕೆ ಹಾಗಾಯಿತು ಅಂತಲೂ ನನಗೆ ಗೊತ್ತಿದೆ. ಮೇ ತಿಂಗಳಲ್ಲಿ ದುರ್ಗದ ದೊಡ್ಡ ಸಭೆಗೆ ವರ್ಗವಾಗಬೇಕು ಅಂತ ನಿನ್ನ ಆಸೆ. ಈ ಅಯ್ಯನವರು ಬಂದ ಮೇಲೆ ಫ್ಯಾನು ಬಂತು, ಟೈಲ್ಸ್ ಬಂತು, ಊರ ದೊಡ್ಡವರೆಲ್ಲ ಬಂದರು ಅಂತ ಕಮಿಟಿಯವರು ಮೇಲಕ್ಕೆ ಬರೆಯಬೇಕು. ಆಸೆ ತಪ್ಪಲ್ಲ. ನನಗೂ ಇದೆ, ನಿನಗಿಂತ ಜಾಸ್ತಿಯೇ ಇದೆ. ಆಸ್ಪತ್ರೆಯ ಹಳೆಯ ಜೊತೆಯವರಿಗೆಲ್ಲ ಆಗಲೇ ಹೇಳಿಕೊಂಡು ತಿರುಗಿದ್ದೇನೆ. ಆದರೆ ಮಗನೇ, ನಾವು ದೇವರ ಮುಂದೆ ಮಂಡಿಯೂರಿದಾಗಲೂ ಪಕ್ಕದಲ್ಲಿ ಯಾರು ನೋಡುತ್ತಿದ್ದಾರೆ ಅಂತ ಓರೆಗಣ್ಣು ಬಿಡುತ್ತೇವಲ್ಲ, ಇದಕ್ಕೆ ಏನು ಹೇಳುವುದು? ಅವನೊಬ್ಬ ನೋಡಿದರೆ ನಮಗೆ ಸಾಲುವುದಿಲ್ಲ.

ನಾನೇನು ಬೇರೆಯೇ? ಬೆಳಿಗ್ಗೆ ಐದಕ್ಕೆ ಎದ್ದು ಅರ್ಧ ಗಂಟೆ ಮಾತಿಲ್ಲದೆ ಕರ್ತನ ಮುಂದೆ ಕೂರುವುದನ್ನು ಈಗೀಗ ಅಭ್ಯಾಸ ಮಾಡಿಕೊಂಡಿದ್ದೇನೆ. ಏನೂ ಬೇಡುವುದಿಲ್ಲ, ಸುಮ್ಮನೆ ಕೂರುವುದು. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ನೋಡಿದರೆ ನಾನು ಬೀದಿಯ ಕಿಟಕಿ ತೆಗೆದಿಟ್ಟು ಕೂರುತ್ತಿದ್ದೇನೆ, ಗಿರಿಯಮ್ಮ ಕುರಿ ಹೊಡೆದುಕೊಂಡು ಹೋಗುವಾಗ ನೋಡಲಿ ಅಂತ! ಗಾಳಿಗೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಡಿಸೆಂಬರ್ ಚಳಿಯಲ್ಲಿ ಯಾವ ಗಾಳಿ? ಈಗ ಕಿಟಕಿ ಮುಚ್ಚಿ ಕೂರುತ್ತೇನೆ. ಮುಚ್ಚಿದ ಮೇಲೆ, ಮುಚ್ಚಿದ್ದು ಯಾರಿಗಾದರೂ ಗೊತ್ತಾಗಲಿ ಅನ್ನಿಸುತ್ತದೆ. ಈ ಹಾಳು ಮನಸ್ಸಿನ ಜೊತೆ ಏಗಿ ಏಗಿ ನನಗೆ ಸಾಕಾಗಿದೆ.

ಹೇಳುವುದು ಇಷ್ಟೇ. ಕ್ರಿಸ್ಮಸ್ಸಿಗೆ ಮುಂಚೆ ದುರುಗಕ್ಕನ ಮನೆಗೆ ಹೋಗು. ನೀನೇ ಹೋಗು, ಒಬ್ಬನೇ ಹೋಗು. ಬಿಳಿ ನಿಲುವಂಗಿ ಹಾಕಿಕೊಂಡು ಹೋಗಬೇಡ. ತಪ್ಪಾಯಿತು ಅನ್ನು. ಆಮೇಲೆ ಅವಳು ಏನು ಹೇಳುತ್ತಾಳೋ ಕೇಳಿಸಿಕೊಂಡು ಬಾ.

ಉಷಾಗೆ ಒಂದು ಮುತ್ತು, ನಿನಗೂ ಒಂದು, ಆದರೆ ನಿನ್ನದನ್ನು ಸ್ವಲ್ಪ ಕೋಪದಲ್ಲಿ ಕೊಟ್ಟಿದ್ದೇನೆ ಅಂತ ತಿಳಿದುಕೋ.

ನಿನ್ನ ಅಮ್ಮ,
ಹೇಮಾವತಿ

*

ಹಿರಿಯೂರು
೩ ಜನವರಿ ೨೦೦೦

ಮಗ ಪ್ರಸನ್ನನಿಗೆ,

ಹೊಸ ವರ್ಷದ ಆಶೀರ್ವಾದಗಳು. ಹೊಸ ಸಾವಿರ ಅಂತ ಊರೆಲ್ಲ ಪಟಾಕಿ ಹೊಡೆದರು, ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಅಂತ ಪೇಪರಿನವರು ಹೆದರಿಸಿದರು. ನನಗೆ ಬೆಳಿಗ್ಗೆ ಎದ್ದಾಗ ಅದೇ ಮಂಡಿ, ಅದೇ ನೋವು. ನಿನ್ನ ಕಾಗದ ಕ್ರಿಸ್ಮಸ್ಸಿನ ಹಿಂದಿನ ದಿನ ಬಂತು. ಈ ಸಲ ತಡ ಮಾಡಿದ್ದಕ್ಕೆ ಕಾರಣ ಇದೆ, ಬರೆಯುತ್ತೇನೆ.

ದುರುಗಕ್ಕನಿಗೆ ಗಿರಿರಾಜ ತಳಿಯ ಒಂದು ಜೊತೆ ಕೋಳಿ ಕಳಿಸಿದೆ ಅಂತ ಬರೆದಿದ್ದೀಯ. ಯಾರ ಕೈಯಲ್ಲಿ ಕಳಿಸಿದೆ? ಆ ತಿಮ್ಮೇಶನ ಕೈಯಲ್ಲಿ, ಅವನ ಮೊಪೆಡ್ಡಿನ ಮೇಲೆ! ಅವಳು ವಾಪಸ್ಸು ಕಳಿಸಿದಳಂತೆ. ಆ ಮುದುಕಿಗೆ ಹಟ ಜಾಸ್ತಿ, ಒಂದು ಕೋಳಿ ಹೋಗಿ ಎರಡು ಬಂದರೂ ಬೇಡ ಅನ್ನುತ್ತಾಳೆ, ಕ್ರಿಸ್ಮಸ್ ಆರಾಧನೆಗೂ ಬರಲಿಕ್ಕಿಲ್ಲ, ನಾನು ಇನ್ನೆಷ್ಟು ಬಗ್ಗಬೇಕು ಅಂತ ಕೇಳಿದ್ದೀಯ. ಮಗನೇ, ನೀನು ಎಲ್ಲಿ ಬಗ್ಗಿದೆ? ಬಗ್ಗಿದ್ದು ಮೊಪೆಡ್ಡು, ಕೋಳಿಯ ಭಾರಕ್ಕೆ.

ಆಮೇಲೆ ಬರೆದದ್ದು ಓದಿ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನೀನು ಅವಳ ಬಾಗಿಲಿಗೆ ಹೋದರೆ ಗಂಗಾಧರಪ್ಪನವರು ತಪ್ಪು ಮಾಡಿದರು ಅಂತ ಹೇಳಿದ ಹಾಗಾಗುತ್ತದಂತೆ. ಅವರಿಗೆ ಬೇಜಾರಾದರೆ ಚರ್ಚಿಗೆ ಕೊಡುತ್ತೇನೆಂದ ಟೈಲ್ಸ್ ನಿಲ್ಲುತ್ತದಂತೆ. ಟೈಲ್ಸ್ ನಿಂತರೆ ಕಮಿಟಿಯವರು ಸಿಟ್ಟಾಗುತ್ತಾರಂತೆ. ಕಾಲೋನಿಯ ಜನ ನಗುತ್ತಾರಂತೆ. ಎಷ್ಟು ಜನರನ್ನು ಕಟ್ಟಿಕೊಂಡು ಬದುಕುತ್ತಿದ್ದೀಯಪ್ಪ! ಇಷ್ಟು ಜನರ ಮುಖ ನೋಡುತ್ತಾ ನಿನಗೆ ನಿದ್ದೆ ಯಾವಾಗ ಬರುತ್ತದೆ? ಒಳ್ಳೆಯವನು ಅನ್ನಿಸಿಕೊಳ್ಳಲು ಇಷ್ಟು ಕಷ್ಟಪಡುವ ಬದಲು, ಒಂದು ಬೆಳಿಗ್ಗೆ ಒಳ್ಳೆಯವನಾಗಿಯೇ ಇದ್ದುಬಿಟ್ಟರೆ ಖರ್ಚು ಕಡಿಮೆ.

ನಿನಗೆ ಹೇಳದೆ ಒಂದು ಕೆಲಸ ಮಾಡಿದ್ದೇನೆ. ಡಿಸೆಂಬರ್ ಇಪ್ಪತ್ತೆಂಟಕ್ಕೆ ಬೆಳಗಿನ ಮೊದಲ ಬಸ್ಸಿಗೆ ಹೊಸದುರ್ಗಕ್ಕೆ ಬಂದೆ. ನಿಮ್ಮ ಮನೆಯ ಮುಂದೆಯೇ ಆಟೋದಲ್ಲಿ ಹೋದೆ. ಬಾಗಿಲಲ್ಲಿ ಉಷಾ ರಂಗೋಲಿಯ ನಕ್ಷತ್ರ ಬಿಡಿಸುತ್ತಿದ್ದಳು. ತಲೆ ಬಗ್ಗಿಸಿಕೊಂಡು ಹೋದೆ. ಮಗನ ಊರಿಗೆ ಕಳ್ಳಿಯ ಹಾಗೆ ಬರಬೇಕಾಯಿತಲ್ಲ ಅಂತ ಸಿಟ್ಟು ಬಂತು, ಆಮೇಲೆ ನಗುವೂ ಬಂತು.

ದುರುಗಕ್ಕ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಿಂದ ಎದ್ದು, ಒಳಗಿನಿಂದ ಚಾಪೆ ತಂದು ಕೊಡವಿ ಹಾಸಿ, "ಬರ್ರಿ ಅಮ್ಮಾರೇ, ಕುಂತ್ಕಳ್ರಿ" ಅಂದಳು. ನಾನೂ ಶೇಂಗಾ ಬಿಡಿಸುತ್ತಾ ಕೂತೆ. ಅವಳ ಮುಖದಲ್ಲಿ ಸಿಟ್ಟು ಹುಡುಕಿದೆ. ಇದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಇರಲಿಲ್ಲ. ಗಿರಿರಾಜ ಕೋಳಿ ಯಾಕೆ ವಾಪಸ್ಸು ಕಳಿಸಿದೆ ಅಂತ ಕೇಳಿದೆ. ನನ್ನ ಕೋಳಿ ದೇವರಿಗೆ ಹೋಯಿತು, ಅದಕ್ಕೆ ಬದಲಿ ಕೋಳಿ ಇಸಿದುಕೊಂಡರೆ ವ್ಯಾಪಾರ ಮಾಡಿದ ಹಾಗಾಗುವುದಿಲ್ಲವೇ ಅಂದಳು. ಹಾಗಾದರೆ ಚರ್ಚಿಗೆ ಯಾಕೆ ಬರುತ್ತಿಲ್ಲ ಅಂದೆ. ಅವಳು ಮಡಿಲಿನ ಸಿಪ್ಪೆಯನ್ನೆಲ್ಲ ಕೊಡವಿದಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ಒಂದಕ್ಷರ ನನ್ನದಲ್ಲ.

"ನಂಗೆ ಗೊತ್ತಿರ್ಲಿಲ್ಲ ಕಣಮ್ಮ. ಎಲ್ಲಾದಕ್ಕೂ ರೇಟು ಜಾಸ್ತಿ ಆಗೈತೆ, ಹರಕೆಗೂ ಆಗೈತೆ ಅಂತ ನಂಗೆ ತಿಳೀಲಿಲ್ಲ. ಹತ್ತು ರೂಪಾಯಿ ಹಿಡ್ಕಂಡು ಅಷ್ಟು ಜನದ ಮುಂದೆ ನಿಂತ್ಕಂಡ್ನಲ್ಲ. ಐನೂರು ಆದ್ಮ್ಯಾಲೆ ಬರ್ತೀನಿ."

ಪ್ರಸನ್ನ, ಅವಳು ಐನೂರು ರೂಪಾಯಿ ಕೂಡಿಸುತ್ತಿದ್ದಾಳೆ. ಶೇಂಗಾ ಬಿಡಿಸುವುದು ಅದಕ್ಕೇ. ಜ್ವರದಿಂದ ಮೊಮ್ಮಗಳು ಉಳಿದದ್ದಕ್ಕೆ ತಾನು ಕೊಟ್ಟದ್ದು ಕಡಿಮೆಯಾಯಿತು, ಅದಕ್ಕೇ ದೇವರು ಹೆಚ್ಚು ಕೊಟ್ಟವರಿಗೆ ಕೋಳಿ ಕೊಟ್ಟ ಅಂತ ಅವಳು ತಿಳಿದುಕೊಂಡಿದ್ದಾಳೆ. ಇದನ್ನು ಅವಳಿಗೆ ಕಲಿಸಿದವನು ನೀನು. ಪೀಠದ ಮೇಲೆ ನಿಂತು ಎರಡು ವರ್ಷ ಕೃಪೆ ಕೃಪೆ ಅಂತ ಬೋಧಿಸಿದ್ದು ಅವಳ ತಲೆಗೆ ಹೋಗಲಿಲ್ಲ. ಮೂರು ಸಲ ಐನೂರು ಅಂದದ್ದು ಹೋಯಿತು.

ಹಾಗಲ್ಲ ದುರುಗಕ್ಕ, ಹರಕೆಗೆ ದರ ಇಲ್ಲ, ನಮ್ಮವನೇ ತಪ್ಪಿದ ಅಂತ ನಾನು ಎಷ್ಟೋ ಹೇಳಿದೆ. ಹೂಂ ಅಂದಳು. ಅಯ್ಯನವರ ತಾಯಿ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂತಲೇ ಅಂದುಕೊಂಡಿರಬೇಕು. ನಾನು ಹೇಳಿದರೆ ಅದು ಅವಳ ತಲೆಯಿಂದ ಹೋಗುವುದಿಲ್ಲ. ಕೂಗಿದ ಬಾಯಿಯೇ ಹೋಗಿ ಹೇಳಬೇಕು.

ಹೊರಡುವ ಹೊತ್ತಿಗೆ ಚೈತ್ರಾ ಶಾಲೆಯಿಂದ ಬಂದಳು. ಸ್ವಲ್ಪ ಮೈ ಕೈ ತುಂಬಿಕೊಂಡಿದ್ದಾಳೆ, ಜ್ವರದಲ್ಲಿ ಉದುರಿದ ಕೂದಲು ಮತ್ತೆ ಬಂದಿದೆ. ನನ್ನ ಪಕ್ಕ ಬಂದು ನಿಂತು, "ನಮ್ಮ ಕೋಳಿ ಅಯ್ನೋರ ಮನೇಲಿ ಮೊಟ್ಟೆ ಇಡ್ತೈತಾ?" ಅಂತ ಕೇಳಿದಳು. ದುರುಗಕ್ಕನೂ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳಿಗೂ ಗೊತ್ತಿಲ್ಲ. ನಮ್ಮ ಪ್ರಸನ್ನನೇ ಬಂದು ಹೇಳುತ್ತಾನೆ ಅಂದೆ. ಈ ಮಾತನ್ನು ನಿನ್ನನ್ನು ಕೇಳದೆ ಕೊಟ್ಟು ಬಂದಿದ್ದೇನೆ.

ಅಲ್ಲಿಗೆ ಹೋಗಿ ಕೂರುವುದು ಕಷ್ಟ, ನನಗೆ ಗೊತ್ತು. ಬರುವಾಗ ಬಸ್ಸಿನಲ್ಲಿ ನಾನು ಇದನ್ನೇ ಯೋಚಿಸಿದೆ. ನಮಗೆ ದುಡ್ಡಿನ ಮೇಲೆ ಅಷ್ಟೇನೂ ಆಸೆಯಿಲ್ಲ, ನಿನಗೂ ಇಲ್ಲ. ನಿನ್ನ ಸಂಬಳದಲ್ಲಿ ಅರ್ಧ ಯಾರ್ಯಾರ ಆಸ್ಪತ್ರೆಗೋ ಹೋಗುತ್ತದೆ ಅಂತ ಉಷಾ ಹೇಳಿದ್ದಾಳೆ. ನಮಗೆ ಬೇಕಾದದ್ದು ದುಡ್ಡಿದ್ದವರು ನಮ್ಮ ಕಡೆ ನೋಡಿ ತಲೆ ಆಡಿಸುವುದು. ಆ ಒಂದು ತಲೆ ಆಡಿಸುವುದಕ್ಕೆ ನಾವು ಏನನ್ನು ಬೇಕಾದರೂ ಹರಾಜಿಗೆ ಇಡುತ್ತೇವೆ. ಕಿಟಕಿ ಮುಚ್ಚಿ ಕೂತು ಒಂದು ತಿಂಗಳಾದ ಮೇಲೆ ನನಗೆ ಇಷ್ಟು ಮಾತ್ರ ತಿಳಿದಿದೆ. ಕರ್ತನು ಇನ್ನೂ ಏನಾದರೂ ತಿಳಿಸಿದರೆ ಬರೆಯುತ್ತೇನೆ.

ನಿನ್ನೆ ಸೋಫಾದ ಪ್ಲಾಸ್ಟಿಕ್ ಕಿತ್ತು ಬಿಸಾಡಿದೆ. ಗಿರಿಯಮ್ಮನನ್ನು ಕೈ ಹಿಡಿದು ಕೂರಿಸಿದೆ. ಎರಡು ನಿಮಿಷ ಕೂತು, ಸೊಂಟ ಒಳಗೆ ಇಳೀತೈತೆ ಅಂತ ಎದ್ದು ನೆಲದ ಮೇಲೆ ಕೂತಳು. ನಾನೂ ಕೆಳಗೆ ಕೂತೆ. ಈಗ ಅದರ ಮೇಲೆ ಕುರಿಮರಿ ಮಲಗುತ್ತದೆ.

ದೇವರು ನಿನ್ನನ್ನು ಆಶೀರ್ವದಿಸಲಿ, ನಿನ್ನ ನಡಿಗೆಯನ್ನು ಆ ಅಂಗಳದ ತನಕ ಕಾಯಲಿ. ದುರ್ಗ ಸಿಗಲಿ, ಸಿಗದೆ ಇರಲಿ, ನೀನು ನನ್ನ ಮಗನೇ.

ನಿನ್ನ ಅಮ್ಮ,
ಹೇಮಾವತಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಕಾಗದ ಮಡಚಿ ಅಂಟು ಹಚ್ಚುವಾಗ, ಇದನ್ನು ಬಿಟ್ಟರೆ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ ಅನ್ನಿಸಿತು.

ಅರವತ್ತೊಂಬತ್ತನೇ ಇಸವಿಯಲ್ಲಿ ನನಗೆ ಹೆಡ್ ನರ್ಸ್ ಕೆಲಸ ಸಿಕ್ಕಿತು. ಆ ವರ್ಷ ನಮ್ಮ ಹಿರಿಯೂರಿನ ಸುಗ್ಗಿ ಹಬ್ಬಕ್ಕೆ ನನ್ನ ಅವ್ವ, ನಿನ್ನ ಅಜ್ಜಿ ರಂಗಕ್ಕ, ಜವನಗೊಂಡನಹಳ್ಳಿಯಿಂದ ಒಂದು ಕುಂಬಳಕಾಯಿ ಹೊತ್ತುಕೊಂಡು ಬಂದಳು. ನನ್ನ ಕೆಲಸಕ್ಕೆ ಹೊತ್ತ ಹರಕೆ. ಕೂಲಿ ಮಾಡುವವಳು, ಸೆರಗಿನ ತುದಿಯಲ್ಲಿ ಎರಡು ರೂಪಾಯಿ ಗಂಟು ಹಾಕಿಕೊಂಡಿದ್ದಳು. ನಾನು ಮುಂದಿನ ಬೆಂಚಿನಲ್ಲಿ ದೊಡ್ಡ ಡಾಕ್ಟರಮ್ಮನ ಪಕ್ಕ ಕೂತಿದ್ದೆ. ಅವ್ವ ಹಿಂದೆ ಎದ್ದು ನಿಂತು ಎರಡು ರೂಪಾಯಿ ಅಂದಾಗ, ಡಾಕ್ಟರಮ್ಮ ತಿರುಗಿ ಈಕೆ ಯಾರು ಅಂತ ನನ್ನನ್ನು ಕೇಳಿದರು. ನಾನು ಕೈ ಎತ್ತಿ ಇಪ್ಪತ್ತೈದು ಅಂತ ಕೂಗಿದೆ. ಎಲ್ಲರೂ ನನ್ನನ್ನು ನೋಡಿದರು. ಡಾಕ್ಟರಮ್ಮ ನನ್ನ ಬೆನ್ನು ತಟ್ಟಿದರು.

ಅವ್ವ ಬಿಚ್ಚುತ್ತಿದ್ದ ಗಂಟನ್ನು ಮತ್ತೆ ಬಿಗಿದುಕೊಂಡಳು. ಊಟಕ್ಕೆ ಹುಡುಕಿದರೆ ಇರಲಿಲ್ಲ. ಬಸ್ಸಿಗೆ ಹೊತ್ತಾಯಿತಂತೆ ಅಂತ ಎಲ್ಲರಿಗೂ ನಾನೇ ಹೇಳಿದೆ. ಆಮೇಲೆ ಐದು ವರ್ಷ ಬದುಕಿದ್ದಳು, ನಮ್ಮ ಮನೆಗೆ ಬಂದಳು, ನಿನ್ನನ್ನು ಎತ್ತಿ ಆಡಿಸಿದಳು. ಚರ್ಚಿಗೆ ಮಾತ್ರ ಏನನ್ನೂ ತರಲಿಲ್ಲ. ನಾನು ಯಾಕೆ ಅಂತ ಕೇಳಲಿಲ್ಲ. ಈಗ ಕೇಳಲು ನನಗೆ ಅಂಗಳವೂ ಇಲ್ಲ, ಚಾಪೆಯೂ ಇಲ್ಲ.

ನೀನು ಅವತ್ತು ನನ್ನ ಮಡಿಲಲ್ಲಿದ್ದೆ, ಎರಡೂವರೆ ವರ್ಷ. ಎಲ್ಲರೂ ಚಪ್ಪಾಳೆ ತಟ್ಟಿದಾಗ ನೀನು ಅಜ್ಜಿಯ ಕಡೆ ತಿರುಗಿ ನೋಡುತ್ತಿದ್ದೆ. ನಿನ್ನ ಮುಖ ಈ ಕಡೆ ತಿರುಗಿಸಿ, ಎರಡೂ ಕೈ ಹಿಡಿದು ನಾನೇ ತಟ್ಟಿಸಿದೆ.